ಮೊಂಟಾಲ್ಚೀನೊ: ಬಾಟಲಿ ಹೇಳದ್ದನ್ನು ಕೋಟೆಯ ಗೋಡೆ ಹೇಳುತ್ತದೆ

ಇಟಲಿಯ ಟಸ್ಕನಿಯಲ್ಲಿರುವ ಗುಡ್ಡದೂರು ಮೊಂಟಾಲ್ಚೀನೊ. ಅಲ್ಲಿನ ಹೆಸರಾಂತ ಕೆಂಪು ವೈನು ಬ್ರುನೆಲ್ಲೊ ದಿ ಮೊಂಟಾಲ್ಚೀನೊ. ಅದರ ಬಾಟಲಿಯ ಲೇಬಲ್ಲನ್ನು ಎಷ್ಟು ತಿರುಗಿಸಿ ನೋಡಿದರೂ ಒಂದು ಸಂಗತಿ ಸಿಗುವುದಿಲ್ಲ: ದ್ರಾಕ್ಷಿ ಗುಡ್ಡದ ಯಾವ ಮಗ್ಗುಲಲ್ಲಿ ಬೆಳೆಯಿತು ಎನ್ನುವುದು. ಮಾಡಿದವರ ಹೆಸರಿದೆ, ಕೊಯ್ಲಿನ ವರ್ಷವಿದೆ, ಕತ್ತಿಗೆ ಸರ್ಕಾರಿ ಕ್ರಮಸಂಖ್ಯೆಯ ಪಟ್ಟಿ ಅಂಟಿಸಿದೆ. ಕೆಲವರು ತೋಟದ ಹೆಸರನ್ನೂ ಹಾಕುತ್ತಾರೆ. ಉತ್ತರದ ಇಳಿಜಾರೋ ದಕ್ಷಿಣದ್ದೋ ಎಂದು ಬರೆಯಲು ಮಾತ್ರ ನಿಯಮದಲ್ಲಿ ಜಾಗವಿಲ್ಲ, ಏಕೆಂದರೆ ಈ ಪ್ರದೇಶದೊಳಗೆ ಉಪವಲಯ ಎಂಬುದನ್ನು ಅಧಿಕೃತವಾಗಿ ಗುರುತಿಸಿಯೇ ಇಲ್ಲ. ಒಂದೇ ಊರಿನ ಎರಡು ಬಾಟಲಿಗಳ ರುಚಿ ಬೇರೆಯಾಗುವುದಕ್ಕೆ ದೊಡ್ಡ ಕಾರಣವೇ ಆ ಇಳಿಜಾರು. ಅದನ್ನು ತಿಳಿಯಬೇಕಾದರೆ ಮೊಂಟಾಲ್ಚೀನೊದ ಕೋಟೆಗೋಡೆ ಹತ್ತಬೇಕು. ಮಧ್ಯಯುಗದ ಊರು ನೋಡಲು ಚೆಂದ ಎಂದು ಬರುವವರಿಗೂ ವೈನ್ ಕೊಳ್ಳಲು ಬರುವವರಿಗೂ ನಮ್ಮ ಶಿಫಾರಸು ಒಂದೇ: ಮೊದಲು ಗೋಡೆ, ಆಮೇಲೆ ಗ್ಲಾಸು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಒಂದು ರಾತ್ರಿ ತಂಗಿ ಎರಡು ಹಗಲು ಕೊಟ್ಟರೆ ಟಸ್ಕನಿಯ ಗುಡ್ಡದೂರುಗಳಲ್ಲಿ ಇದರಷ್ಟು ಕಲಿಸುವ ಊರು ಅಪರೂಪ. ಫ್ಲಾರೆನ್ಸಿನಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಇದನ್ನೂ ಪಿಯೆಂಝಾವನ್ನೂ ಮೊಂತೆಪುಲ್ಚಾನೊವನ್ನೂ ಮುಗಿಸುವ ಪ್ರವಾಸಗಳಿಗೆ ಸೇರಬೇಡಿ. ಹೋಗಿ ಬರುವುದಕ್ಕೇ ಸುಮಾರು ನಾಲ್ಕು ತಾಸು ರಸ್ತೆಯಲ್ಲಿ ಹೋಗುತ್ತದೆ. ಊರಿನಲ್ಲಿ ಉಳಿಯುವ ಒಂದೂವರೆ ತಾಸಿನಲ್ಲಿ ಒಂದು ಅಂಗಡಿ, ಒಂದು ಗ್ಲಾಸು, ನಾಲ್ಕು ಫೋಟೊ, ಅಷ್ಟೇ.

ಊರು ಸಿಯೆನಾದಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, 560 ಮೀಟರಿಗಿಂತ ತುಸು ಎತ್ತರದ ಗುಡ್ಡದ ನೆತ್ತಿಯಲ್ಲಿದೆ. ಹೆಸರು ಬಂದದ್ದು ಇಲೆಕ್ಸ್ ಎಂಬ ನಿತ್ಯಹಸಿರು ಓಕ್ ಮರದಿಂದ ಎನ್ನುತ್ತಾರೆ. ಊರಿನ ಲಾಂಛನದಲ್ಲಿ ಇಂದಿಗೂ ಆ ಮರವೇ ಇದೆ. ಬರಹದ ದಾಖಲೆಯಲ್ಲಿ ಈ ಗುಡ್ಡ ಕಾಣಿಸಿಕೊಳ್ಳುವುದು ಕ್ರಿ.ಶ. 814ರಲ್ಲಿ, ಚಕ್ರವರ್ತಿ ಲೂಯಿ ಇಲ್ಲಿನ ನೆಲವನ್ನು ಸಾಂತಾಂತಿಮೊ ಮಠಕ್ಕೆ ದಾನ ಕೊಟ್ಟಾಗ. ಮುಂದೆ ಊರು ಬೆಳೆದದ್ದು ಹದ ಮಾಡಿದ ತೊಗಲಿನಿಂದ. ವೈನ್ ಆಗಿನ್ನೂ ಊರಿನ ಹೆಸರಿಗೆ ಅಂಟಿಕೊಂಡಿರಲಿಲ್ಲ. ಸಿಯೆನಾ ಮತ್ತು ಫ್ಲಾರೆನ್ಸುಗಳ ಹಗ್ಗಜಗ್ಗಾಟದ ನಡುವೆ ಸಿಕ್ಕಿಕೊಂಡ ಮೊಂಟಾಲ್ಚೀನೊ, 1260ರ ಮೊಂತಾಪೆರ್ತಿ ಕಾಳಗದಲ್ಲಿ ಫ್ಲಾರೆನ್ಸ್ ಸೋತ ಮೇಲೆ ಸಿಯೆನಾದ ಕೈಗೆ ಬಂತು. ಬಂದ ಊರನ್ನು ಬಿಗಿಯಾಗಿ ಹಿಡಿದುಕೊಳ್ಳಲು ಸಿಯೆನಾದವರು 1361ರಲ್ಲಿ ಕೋಟೆ ಕಟ್ಟಿಸಿದರು.

ಐದು ಮೂಲೆಯ ಈ ಕೋಟೆ ಊರಿನ ದಕ್ಷಿಣ ತುದಿಯಲ್ಲಿ, ಎಲ್ಲಕ್ಕಿಂತ ಎತ್ತರದಲ್ಲಿ ನಿಂತಿದೆ. ಆಗಲೇ ಇದ್ದ ಊರಗೋಡೆಯ ಒಂದು ಭಾಗವನ್ನೂ ಅದರ ಬುರುಜುಗಳನ್ನೂ ಒಳಗೆ ಸೇರಿಸಿಕೊಂಡೇ ಕಟ್ಟಿದ್ದಾರೆ. ಒಳಗಿನ ಅಂಗಳಕ್ಕೆ ಯಾರು ಬೇಕಾದರೂ ಹೋಗಬಹುದು. ಗೋಡೆಯ ಮೇಲೆ ನಡೆಯಲು ಮಾತ್ರ ಕೆಲವು ಯೂರೊಗಳ ಟಿಕೆಟ್ ಬೇಕು. ಮೆಟ್ಟಿಲು ಇಕ್ಕಟ್ಟು ಮತ್ತು ಕಡಿದು. ಮೊಣಕಾಲು ನೋವಿರುವವರು, ಎತ್ತರಕ್ಕೆ ಹೆದರುವವರು ಅಂಗಳದಲ್ಲೇ ಉಳಿಯುವುದು ಒಳ್ಳೆಯದು. ಮಳೆ ಬಂದ ದಿನ ಕಲ್ಲು ಜಾರುತ್ತದೆ, ಚರ್ಮದ ಅಟ್ಟೆಯ ಶೂ ಬೇಡ.

ಗೋಡೆಯ ಮೇಲೆ ಕಾಲಿಡುವ ಮುನ್ನ ಒಂದು ಕಥೆ ಗೊತ್ತಿರಲಿ. 1553ರಲ್ಲಿ, ಸ್ಪೇನಿನ ದೊರೆಯೂ ಆಗಿದ್ದ ಚಕ್ರವರ್ತಿ ಐದನೆಯ ಚಾರ್ಲ್ಸನ ಸೇನೆ ಈ ಊರನ್ನು ಮುತ್ತಿತು. ಮೂರು ತಿಂಗಳ ಹತ್ತಿರ ಹೊಡೆದರೂ ಗೋಡೆ ಬೀಳಲಿಲ್ಲ. ಎರಡು ವರ್ಷದ ನಂತರ, 1555ರ ಏಪ್ರಿಲಿನಲ್ಲಿ, ಸಿಯೆನಾ ನಗರವೇ ಹಸಿವಿನಿಂದ ಸೋತು ಶರಣಾಯಿತು. ತಲೆಬಾಗಲು ಒಪ್ಪದ ಸಿಯೆನಾದ ಕುಟುಂಬಗಳು ಇಲ್ಲಿಗೆ ಬಂದು, ‘ಮೊಂಟಾಲ್ಚೀನೊದಲ್ಲಿರುವ ಸಿಯೆನಾ ಗಣರಾಜ್ಯ’ ಎಂಬ ಹೆಸರಿನಲ್ಲಿ ಇನ್ನೂ ನಾಲ್ಕು ವರ್ಷ ಆಳ್ವಿಕೆ ನಡೆಸಿದರು. 1559ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ಎಲ್ಲೋ ದೂರದಲ್ಲಿ ಕೂತು ಮಾಡಿಕೊಂಡ ಒಪ್ಪಂದದಿಂದ ಊರು ಫ್ಲಾರೆನ್ಸನ್ನು ಆಳುತ್ತಿದ್ದ ಮೆಡಿಚಿ ಮನೆತನದ ಕೋಸಿಮೊನ ಪಾಲಾಯಿತು. ಆಗಲೂ ಕೋಟೆ ಕಾದಾಟದಲ್ಲಿ ಬೀಳಲಿಲ್ಲ, ಕಾಗದದ ಮೇಲೆ ಹೋಯಿತು. ಆ ನಾಲ್ಕು ವರ್ಷದ ಋಣ ಸಿಯೆನಾಗೆ ಮರೆತಿಲ್ಲ: ಪಾಲಿಯೊ ಕುದುರೆ ಓಟದ ಮೆರವಣಿಗೆಯಲ್ಲಿ ಮೊಂಟಾಲ್ಚೀನೊದ ಬಾವುಟಕ್ಕೆ ಇಂದಿಗೂ ಗೌರವದ ಸ್ಥಾನವಿದೆ.

ಇನ್ನು ಗೋಡೆಯ ಮೇಲಿನ ಪಾಠ. ಬೆಳಿಗ್ಗೆ ಹತ್ತುವುದು ಉತ್ತಮ, ಮಧ್ಯಾಹ್ನದ ಹೊತ್ತಿಗೆ ಬಿಸಿಲಿನ ಮಬ್ಬಿನಲ್ಲಿ ದೂರ ಕರಗಿಹೋಗುತ್ತದೆ. ಉತ್ತರಕ್ಕೆ ತಿರುಗಿ. ಕೆಳಗೆ ಇಳಿದುಹೋಗುವ ತೋಟಗಳ ಆಚೆ ಬುವೊನ್‌ಕೊನ್ವೆಂತೊ ಕಡೆಯ ಬಯಲು, ಗಾಳಿ ತಿಳಿಯಾಗಿದ್ದರೆ ಅದರಾಚೆ ಸಿಯೆನಾದ ಗೋಪುರ. ಈ ಮಗ್ಗುಲಿಗೆ ಬಿಸಿಲು ಓರೆಯಾಗಿ ಬೀಳುತ್ತದೆ, ರಾತ್ರಿ ತಣ್ಣಗಿರುತ್ತದೆ, ಹಣ್ಣು ತಡವಾಗಿ ಕಳಿಯುತ್ತದೆ. ಊರಿಗೆ ಹತ್ತಿರವೇ ಇರುವ ಮೊಂತೊಸೊಲಿ ಎಂಬ ಗುಡ್ಡ ಈ ಉತ್ತರದ ಗುಣಕ್ಕೆ ಹೆಸರುವಾಸಿ: ಇಲ್ಲಿನ ವೈನು ಎಳೆ ಕೆಂಪು, ಮೂಗಿಗೆ ಹೂವು ಮತ್ತು ಹುಳಿ ಚೆರ್ರಿ, ಬಾಯಲ್ಲಿ ಹುಳಿ ಮುಂದು, ಮೈ ಹಗುರ.

ಪೂರ್ವಕ್ಕೆ ವಾಲ್ ದೋರ್ಚಾ ಕಣಿವೆಯ ಅಲೆಅಲೆ ಗದ್ದೆಗಳು. 2004ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಭೂದೃಶ್ಯದ ಐದು ಪುರಸಭೆಗಳಲ್ಲಿ ಮೊಂಟಾಲ್ಚೀನೊವೂ ಒಂದು. ಆಗ್ನೇಯಕ್ಕೆ, ಎಲ್ಲವನ್ನೂ ಮರೆಮಾಡಿ ನಿಂತಿರುವುದು 1,738 ಮೀಟರ್ ಎತ್ತರದ ಅಮಿಯಾತಾ ಪರ್ವತ. ಇದು ಆರಿಹೋದ ಜ್ವಾಲಾಮುಖಿ. ದಕ್ಷಿಣದಿಂದ ಬರುವ ಬಿರುಮಳೆಯನ್ನೂ ಆಲಿಕಲ್ಲನ್ನೂ ಇದು ತಡೆಯುತ್ತದೆ. ವರ್ಷಕ್ಕೆ ಸರಾಸರಿ 700 ಮಿ.ಮೀ. ಮಳೆಯಲ್ಲೇ ಇಲ್ಲಿ ದ್ರಾಕ್ಷಿ ನಿಧಾನವಾಗಿ, ಆರೋಗ್ಯವಾಗಿ ಬಲಿಯುವುದಕ್ಕೆ ಈ ಪರ್ವತದ ಆಸರೆ ದೊಡ್ಡದು.

ದಕ್ಷಿಣ ಮತ್ತು ನೈಋತ್ಯದ ತೋಟಗಳು ಗೋಡೆಯ ಮೇಲಿಂದ ಅಷ್ಟಾಗಿ ಕಾಣುವುದಿಲ್ಲ. ನಡುವೆ ಕಾಡು ಮುಚ್ಚಿದ ದಿಬ್ಬವಿದೆ. ಅದರ ನೆತ್ತಿಯೇ ಪೊಜ್ಜೊ ಚಿವಿತೆಲ್ಲಾ, 661 ಮೀಟರ್. ಆ ದಿಬ್ಬದ ಆಚೆ ಸಾಂತಾಂಜೆಲೊ ಇನ್ ಕೊಲ್ಲೆ ಎಂಬ ಪುಟ್ಟ ಗುಡ್ಡದೂರಿನ ಸುತ್ತ ಇಳಿಯುವ ತೋಟಗಳಿಗೆ ಬಿಸಿಲು ನೇರ, ಸಮುದ್ರದ ಗಾಳಿ ಬೆಚ್ಚಗೆ, ಕೊಯ್ಲು ಉತ್ತರಕ್ಕಿಂತ ಬೇಗ. ಅಲ್ಲಿನ ಬ್ರುನೆಲ್ಲೊ ಕಪ್ಪು ಚೆರ್ರಿಯ ಕಡೆ ವಾಲುತ್ತದೆ, ದಪ್ಪ, ಒಗರು ಮೆತ್ತಗೆ. ಆಗ್ನೇಯದ ಕಾಸ್ತೆಲ್‌ನುವೊವೊ ದೆಲ್ಲಬಾತೆಯಲ್ಲಿ ಹಗಲು ಬಿಸಿಯಿದ್ದರೂ ರಾತ್ರಿ ಅಮಿಯಾತಾದಿಂದ ತಂಪು ಇಳಿಯುವುದರಿಂದ ಎರಡರ ನಡುವಿನ ಹದ ಸಿಗುತ್ತದೆ. ಇಡೀ ಪ್ರದೇಶ 24,000 ಹೆಕ್ಟೇರ್. ಅದರಲ್ಲಿ ಅರ್ಧದಷ್ಟು ಕಾಡು ಮತ್ತು ಉಳದ ನೆಲ, ದ್ರಾಕ್ಷಿ ಸುಮಾರು 3,500 ಹೆಕ್ಟೇರ್, ಬ್ರುನೆಲ್ಲೊಗೆಂದು ನೋಂದಾಯಿಸಿದ್ದು 2,100 ಹೆಕ್ಟೇರ್. ತೋಟಗಳ ನಡುವೆ ಇಷ್ಟೊಂದು ಕಾಡು ಉಳಿದಿರುವುದು ಕಣ್ಣಿಗೂ ಹಿತ, ಹುಳುಹುಪ್ಪಟೆಯ ಸಮತೋಲಕ್ಕೂ ಹಿತ. ಗಟ್ಟಿ ನೆನಪಿಗೆ ಒಂದು ಉಪಾಯ: ಗೋಡೆಯ ಮೇಲಿಂದ ನಾಲ್ಕೂ ದಿಕ್ಕಿನ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಬಾಟಲಿ ಹಿಡಿದು ‘ಈ ತೋಟ ಇದರಲ್ಲಿ ಎಲ್ಲಿ?’ ಎಂದು ಕೇಳಿದರೆ ಅಂಗಡಿಯವರ ಮುಖವೇ ಅರಳುತ್ತದೆ, ಮಾತು ಬೇರೆಯೇ ಮಟ್ಟಕ್ಕೆ ಹೋಗುತ್ತದೆ.

ಕೋಟೆಯಿಂದ ಇಳಿದರೆ ಐದು ನಿಮಿಷದಲ್ಲಿ ಪಿಯಾಝ್ಝಾ ದೆಲ್ ಪೊಪೊಲೊ, ಅಂದರೆ ಊರ ಚೌಕ. ಚೌಕ ಎನ್ನುವುದಕ್ಕಿಂತ ಅಗಲವಾದ ಓಣಿ ಎನ್ನಬಹುದು. ಪ್ರಿಯೊರಿ ಅರಮನೆ ಮೈ ಸಣ್ಣಗೆ ಮಾಡಿಕೊಂಡು ಎತ್ತರಕ್ಕೆ ಎದ್ದು ನಿಂತಿದೆ. ಮುಂಗೋಡೆಯ ತುಂಬ ಹಿಂದಿನ ಆಡಳಿತಗಾರರ ಕಲ್ಲಿನ ಲಾಂಛನಗಳು, ಕೆಳಗಿನ ಕಮಾನಿನಲ್ಲಿ ಗೆದ್ದವನಾದ ಕೋಸಿಮೊನ ಪ್ರತಿಮೆ. ಹೆಚ್ಚಿನವರು ಗಡಿಯಾರದ ಗೋಪುರದ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಅಲ್ಲೇ ಗೋಡೆಯ ಮೇಲೆ ಸಾಲಾಗಿ ಅಂಟಿಸಿರುವ ಬಣ್ಣದ ಹಂಚುಗಳನ್ನು ನೋಡದೆ ಹೋಗಬೇಡಿ. 1992ರಿಂದ ಪ್ರತಿ ಕೊಯ್ಲಿಗೆ ಒಂದು ಹಂಚು, ಒಬ್ಬೊಬ್ಬ ಕಲಾವಿದರೋ ಪ್ರಸಿದ್ಧರೋ ರೂಪಿಸಿದ್ದು. ಎಷ್ಟೋ ಹಂಚುಗಳ ಮೇಲೆ ಆ ವರ್ಷಕ್ಕೆ ಬೆಳೆಗಾರರ ಒಕ್ಕೂಟ ಕೊಟ್ಟ ನಕ್ಷತ್ರಗಳೂ ಇವೆ, ಐದಕ್ಕೆ ಎಷ್ಟು ಎಂದು. 2010, 2015, 2016ಕ್ಕೆ ಐದು ನಕ್ಷತ್ರ, ಮಳೆಯಲ್ಲಿ ತೊಯ್ದ 2002ಕ್ಕೆ ಎರಡೇ. ನಕ್ಷತ್ರಕ್ಕೆ ಕಣ್ಣುಮುಚ್ಚಿ ಹಣ ಹಾಕಬೇಡಿ ಎಂಬುದು ನಮ್ಮ ಮಾತು. ಅದು ಇಡೀ ಪ್ರದೇಶಕ್ಕೆ ಕೊಟ್ಟ ಸರಾಸರಿ ಅಂಕ. ಬಿಸಿಲು ಹೆಚ್ಚಾದ ವರ್ಷ ಉತ್ತರದ ತೋಟ ಗೆಲ್ಲುತ್ತದೆ, ತಂಪು ಹೆಚ್ಚಾದ ವರ್ಷ ದಕ್ಷಿಣದ್ದು. ಈಗ ತಾನೇ ಗೋಡೆಯ ಮೇಲೆ ಕಲಿತದ್ದು ಇಲ್ಲಿ ಕೈಹಿಡಿಯುತ್ತದೆ.

ಚೌಕದಲ್ಲೇ ಇರುವ ಫಿಯಾಸ್ಕೆತ್ತೇರಿಯಾ ಇತಾಲಿಯಾನಾ ಶುರುವಾದದ್ದು 1888ರಲ್ಲಿ. ತೆರೆದವರು ಫೆರ್ರುಚ್ಚೊ ಬಿಯೊಂದಿ ಸಾಂತಿ, ಬ್ರುನೆಲ್ಲೊವನ್ನು ಇವತ್ತಿನ ರೂಪಕ್ಕೆ ತಂದ ಅದೇ ವ್ಯಕ್ತಿ. ಕನ್ನಡಿಗಳು, ಕೆಂಪು ಮಖಮಲ್ಲಿನ ಆಸನಗಳು, ಅಮೃತಶಿಲೆಯ ಮೇಜುಗಳು. ಬೆಳಿಗ್ಗೆ ಕೌಂಟರಿನಲ್ಲಿ ನಿಂತು ಕಾಫಿ ಕುಡಿಯಿರಿ. ಇಟಲಿಯಲ್ಲಿ ಬಹಳ ಕಡೆ ಕೂತು ಕುಡಿದರೆ ದರ ಬೇರೆ, ಇಂಥ ಹಳೆಯ ಹೋಟೆಲುಗಳಲ್ಲಂತೂ ಕೂರುವ ಮೊದಲು ದರಪಟ್ಟಿ ನೋಡುವುದು ರೂಢಿ ಮಾಡಿಕೊಳ್ಳಿ.

ವೈನಿನ ಇತಿಹಾಸ ಕೋಟೆಗಿಂತ ಬಹಳ ಚಿಕ್ಕದು. ಇಲ್ಲಿ ಮೊದಲು ಹೆಸರಾಗಿದ್ದು ಮೊಸ್ಕದೆಲ್ಲೊ ಎಂಬ ಸಿಹಿ ಬಿಳಿ ವೈನು. ಫೆರ್ರುಚ್ಚೊನ ತಾಯಿಯ ತಂದೆ ಕ್ಲೆಮೆಂತೆ ಸಾಂತಿ 1865ರ ಕೊಯ್ಲಿನ ಕೆಂಪು ವೈನಿಗೆ ಬ್ರುನೆಲ್ಲೊ ಎಂದು ಹೆಸರಿಟ್ಟು 1869ರಲ್ಲಿ ಬಹುಮಾನ ಪಡೆದರು. ಬ್ರುನೆಲ್ಲೊ ಬೇರೆಯೇ ದ್ರಾಕ್ಷಿ ಎಂದು ಆಗ ಊರಿನವರು ನಂಬಿದ್ದರು. ಅದು ಸಾಂಜೊವೇಸೆಯೇ ಎಂಬುದು ನಂತರ ಸ್ಪಷ್ಟವಾಯಿತು. ಮೊಮ್ಮಗ ಫೆರ್ರುಚ್ಚೊ ತೋಟದಲ್ಲಿ ಚೆನ್ನಾಗಿ ತಾಳಿಕೊಂಡ ಬಳ್ಳಿಗಳನ್ನು ಆರಿಸಿ ನೆಟ್ಟರು, ಬೇರೆ ದ್ರಾಕ್ಷಿ ಬೆರೆಸುವುದನ್ನು ಬಿಟ್ಟರು, ಎಳೆಯದಾಗಿ ಕುಡಿದುಬಿಡುವ ಕಾಲದಲ್ಲಿ ವೈನನ್ನು ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರು. 1888 ಅವರ ಹೆಸರಾಂತ ಮೊದಲ ಕೊಯ್ಲು. ಅಲ್ಲಿಂದ 1945ರವರೆಗೆ ಆ ಮನೆತನ ರಿಸೆರ್ವಾ, ಅಂದರೆ ಇನ್ನೂ ಹೆಚ್ಚು ಕಾಲ ಇಟ್ಟು ಮಾರುವ ವೈನು ಎಂದು ಘೋಷಿಸಿದ ವರ್ಷಗಳು ನಾಲ್ಕೇ: 1888, 1891, 1925, 1945. 1960ರ ದಶಕದಲ್ಲೂ ಇಡೀ ಊರಿನ ಬ್ರುನೆಲ್ಲೊ ತೋಟ ನೂರು ಹೆಕ್ಟೇರ್ ದಾಟಿರಲಿಲ್ಲ. ಪಾಲು ಬೇಸಾಯ ಕುಸಿದು ಜನ ಊರು ಬಿಡುತ್ತಿದ್ದ ಕಾಲ ಅದು. ಇವತ್ತಿನ ಹೊಳೆಯುವ ಅಂಗಡಿಗಳನ್ನು ನೋಡುವಾಗ ಈ ಗುಡ್ಡ ಮೊನ್ನೆಮೊನ್ನೆಯವರೆಗೆ ಬಡವಾಗಿತ್ತು ಎಂಬುದು ನೆನಪಿನಲ್ಲಿರಬೇಕು. ಕಲ್ಲಿನ ಮನೆಗಳು ಕೆಡವದೆ ಉಳಿದದ್ದಕ್ಕೆ ಆ ಬಡತನವೂ ಒಂದು ಕಾರಣ.

ಬ್ರುನೆಲ್ಲೊವನ್ನು ಹೇಗೆ ಮಾಡಬೇಕೆಂಬ ಕಾನೂನು ಬಂದದ್ದು 1966ರಲ್ಲಿ. 1980ರಲ್ಲಿ ಇಟಲಿಯ ಅತ್ಯುನ್ನತ ದರ್ಜೆ ಸಿಕ್ಕಿತು, ಅದನ್ನು ಪಡೆದ ಮೊದಲಿಗರ ಸಾಲಿನಲ್ಲಿ ಬ್ರುನೆಲ್ಲೊ ಇದೆ. ಕೊಳ್ಳುವವರಿಗೆ ಬೇಕಾದ ನಿಯಮಗಳು ಇವು. ದ್ರಾಕ್ಷಿ ನೂರಕ್ಕೆ ನೂರು ಸಾಂಜೊವೇಸೆ. ಹೆಕ್ಟೇರಿಗೆ 8 ಟನ್ನಿಗಿಂತ ಹೆಚ್ಚು ಇಳುವರಿ ತೆಗೆಯುವಂತಿಲ್ಲ. ಕನಿಷ್ಠ 2 ವರ್ಷ ಮರದಲ್ಲಿ, 4 ತಿಂಗಳು ಬಾಟಲಿಯಲ್ಲಿ. ಮಾರಾಟ ಕೊಯ್ಲಾದ ನಂತರದ ಐದನೆಯ ವರ್ಷದ ಜನವರಿ 1ರಿಂದ, ಅಂದರೆ 2016ರ ಕೊಯ್ಲು ಅಂಗಡಿಗೆ ಬಂದದ್ದು 2021ರಲ್ಲಿ. ರಿಸೆರ್ವಾ ಆದರೆ ಬಾಟಲಿಯಲ್ಲಿ 6 ತಿಂಗಳು, ಮಾರಾಟ ಇನ್ನೂ ಒಂದು ವರ್ಷ ತಡ. ಇದೇ ದ್ರಾಕ್ಷಿಯ ತಮ್ಮನಂತಿರುವ ರೊಸ್ಸೊ ದಿ ಮೊಂಟಾಲ್ಚೀನೊ ಮರುವರ್ಷದ ಸೆಪ್ಟೆಂಬರ್ 1ಕ್ಕೇ ಮಾರಾಟಕ್ಕೆ ಸಿದ್ಧ.

2008ರಲ್ಲಿ ಕೆಲವರು ಬೇರೆ ದ್ರಾಕ್ಷಿ ಬೆರೆಸಿದ್ದಾರೆಂಬ ತನಿಖೆ ನಡೆದು ಊರು ತಲ್ಲಣಿಸಿತು. ನಿಯಮ ಸಡಿಲಿಸೋಣ ಎಂಬ ಮಾತೂ ಎದ್ದಿತು. ಬೆಳೆಗಾರರು ಮತ ಹಾಕಿ ನೂರಕ್ಕೆ ನೂರನ್ನೇ ಉಳಿಸಿಕೊಂಡರು. 2011ರಲ್ಲಿ ರೊಸ್ಸೊ ವಿಷಯದಲ್ಲೂ ಹಾಗೇ ಮಾಡಿದರು. ಬರೀ ನಿಯಮ ಉಳಿಸಿಕೊಳ್ಳುವುದಕ್ಕಿಂತ ಹೆಚ್ಚಿನದು ಅದರಲ್ಲಿತ್ತು: ಸಾಂಜೊವೇಸೆ ತೆಳು ಬಣ್ಣದ, ಹುಳಿ ಒಗರುಗಳ ಕಷ್ಟದ ದ್ರಾಕ್ಷಿ. ಮೆರ್ಲೊ ಎಂಬ ಬೇರೆ ದ್ರಾಕ್ಷಿಯನ್ನು ಸ್ವಲ್ಪ ಸೇರಿಸಿದರೆ ಬೇಗ ಮೆದುವಾಗುತ್ತದೆ, ಬೇಗ ಮಾರಾಟವಾಗುತ್ತದೆ. ಆ ಸುಲಭದ ದಾರಿ ಬೇಡವೆಂದರು.

ಹಾಗಾದರೆ ಊರಿನ ಎನೊತೇಕಾ, ಅಂದರೆ ವೈನಂಗಡಿಯಲ್ಲಿ ಏನು ಕೇಳಬೇಕು? ಪ್ರವಾಸಿಗರಿಗೆ ಮೊದಲು ತೋರಿಸುವುದು ವೈನ್ ಮಾಡುವ ಮೂರು ಬೇರೆ ಬೇರೆ ಮನೆಗಳ ಮೂರು ಬ್ರುನೆಲ್ಲೊ. ಹೊಸಬರಿಗೆ ಅದರಿಂದ ಗೊಂದಲವೇ ಹೆಚ್ಚು. ತೋಟ, ವರ್ಷ, ಮರ, ಎಲ್ಲವೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಬದಲಿಗೆ ಒಂದೇ ಮನೆಯ ರೊಸ್ಸೊ ಮತ್ತು ಬ್ರುನೆಲ್ಲೊ ಅಕ್ಕಪಕ್ಕ ಕೇಳಿ. ಆಮೇಲೆ ಒಂದೇ ವರ್ಷದ ಎರಡು ಬ್ರುನೆಲ್ಲೊ, ಒಂದು ಉತ್ತರದ ಇಳಿಜಾರಿನದು, ಒಂದು ದಕ್ಷಿಣದ್ದು. ನಾಲ್ಕು ಗ್ಲಾಸು ಸಾಕು.

ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿಯಿರಿ. ರೊಸ್ಸೊದ ಅಂಚು ಮಾಣಿಕ್ಯದ ಕೆಂಪು. ಬ್ರುನೆಲ್ಲೊದ ಅಂಚಿನಲ್ಲಿ ಆಗಲೇ ಇಟ್ಟಿಗೆಯ, ಕಿತ್ತಳೆಯ ಛಾಯೆ. ಎರಡರ ಕೆಳಗೂ ಬೆರಳಿಟ್ಟರೆ ಬೆರಳಿನ ಗೆರೆ ಕಾಣಬೇಕು. ಮಸಿಯ ಹಾಗೆ ಕಪ್ಪಾಗಿ ಬೆರಳೇ ಕಾಣದಿದ್ದರೆ, ಸಾಂಜೊವೇಸೆ ಇಷ್ಟು ಕಪ್ಪಾಗುವುದು ಹೇಗೆ ಎಂದು ಅಂಗಡಿಯವರನ್ನು ಕೇಳುವ ಹಕ್ಕು ನಿಮಗಿದೆ. ಒಂದು ಗುಟುಕು ಬಾಯಲ್ಲಿ ತಿರುಗಿಸಿ ನುಂಗಿ, ಕಾಯಿರಿ. ಮೊದಲು ನಾಲಿಗೆಯ ಬದಿಗಳಲ್ಲಿ ಹುಳಿಗೆ ನೀರೂರುತ್ತದೆ. ಆಮೇಲೆ ವಸಡಿನ ಮೇಲೆ ಒಗರು ಕೂರುತ್ತದೆ, ಎಳೆಯ ಬಾಳೆಕಾಯಿ ಕಚ್ಚಿದಂತೆ. ಆ ಒಗರಿನ ಹಿಂದೆ ಹಣ್ಣಿನ ರುಚಿ ಉಳಿದಿದ್ದರೆ ಆ ಬಾಟಲಿ ಇನ್ನೂ ಹತ್ತು ವರ್ಷ ಬೆಳೆಯುತ್ತದೆ. ಒಗರು ಮಾತ್ರ ಉಳಿದು ಹಣ್ಣು ಮಾಯವಾದರೆ ಎಷ್ಟು ಕಾದರೂ ಹಣ್ಣು ಹುಟ್ಟಿಬರುವುದಿಲ್ಲ.

ಇನ್ನೊಂದು ಪ್ರಶ್ನೆ ಮರದ್ದು. ಹಳೆಯ ಪದ್ಧತಿಯವರು ಬೊತ್ತೆ ಎಂಬ ದೊಡ್ಡ ಪೀಪಾಯಿ ಬಳಸುತ್ತಾರೆ, ಸಾವಿರಾರು ಲೀಟರಿನದು, ಹೆಚ್ಚಾಗಿ ಸ್ಲವೋನಿಯಾದ ಓಕ್. ಇನ್ನು ಕೆಲವರು 225 ಲೀಟರಿನ ಫ್ರೆಂಚ್ ಬಾರಿಕ್. ಪೀಪಾಯಿ ಚಿಕ್ಕದಾದಷ್ಟೂ ಪ್ರತಿ ಲೀಟರ್ ವೈನಿಗೆ ಮರದ ಸಂಪರ್ಕ ಹೆಚ್ಚು, ಹಾಗಾಗಿ ವೆನಿಲ್ಲಾ, ಸುಟ್ಟ ಬ್ರೆಡ್ಡಿನ ವಾಸನೆ ಮುಂದಾಗುತ್ತದೆ. ಇಳಿಜಾರಿನ ಗುಣ ತಿಳಿಯಬೇಕೆಂದರೆ ದೊಡ್ಡ ಪೀಪಾಯಿಯದನ್ನೇ ಕೇಳಿ. ಮರದ ವಾಸನೆ ಮೂಗನ್ನು ತುಂಬಿದರೆ ಉತ್ತರವೂ ದಕ್ಷಿಣವೂ ಒಂದೇ ಆಗಿಬಿಡುತ್ತದೆ.

ಬೇಸಿಗೆಯಲ್ಲಿ ಆಗುವ ತೊಂದರೆಯೊಂದಿದೆ. ಹೊರಗೆ 33 ಡಿಗ್ರಿ, ಬಾಟಲಿ ಕೌಂಟರಿನ ಮೇಲೆ. 24–25 ಡಿಗ್ರಿಗೆ ಏರಿದ ಬ್ರುನೆಲ್ಲೊದಲ್ಲಿ ಮದ್ಯದ ಘಾಟು ಮೂಗಿಗೆ ಹೊಡೆಯುತ್ತದೆ, ಹಣ್ಣು ಸತ್ತಂತಾಗುತ್ತದೆ. 18 ಡಿಗ್ರಿಯ ಆಸುಪಾಸು ಸರಿ. ತಂಪು ಪೆಟ್ಟಿಗೆಯಿಂದ ತೆಗೆದದ್ದು ಕೊಡಿ ಎಂದು ಸಂಕೋಚವಿಲ್ಲದೆ ಕೇಳಬಹುದು. ಒಳ್ಳೆಯ ಅಂಗಡಿಗಳು ಹೇಗೂ ಹಾಗೇ ಇಟ್ಟಿರುತ್ತವೆ.

ಬೆಲೆ. ರೊಸ್ಸೊ ಸಾಮಾನ್ಯವಾಗಿ 15 ಯೂರೊ ಆಸುಪಾಸಿನಿಂದ, ಬ್ರುನೆಲ್ಲೊ 35–40ರಿಂದ ಶುರು. ಹೆಸರಾಂತ ಮನೆಗಳ ರಿಸೆರ್ವಾ ನೂರಾರು ಯೂರೊ. ಈ ವರ್ಷ ಕುಡಿಯುವುದಕ್ಕಾದರೆ ರೊಸ್ಸೊವೇ ಸರಿಯಾದ ಕೊಳ್ಳುವಿಕೆ. ಅದನ್ನು ಬಡವರ ಬ್ರುನೆಲ್ಲೊ ಎಂದು ಕರೆಯುವುದು ಅನ್ಯಾಯ. 2002, 2014ರಂಥ ಮಳೆಯ ವರ್ಷಗಳಲ್ಲಿ ಕೆಲವು ಮನೆಗಳು ಬ್ರುನೆಲ್ಲೊ ಮಾಡದೆ ಒಳ್ಳೆಯ ತೋಟದ ದ್ರಾಕ್ಷಿಯನ್ನೂ ರೊಸ್ಸೊಗೆ ಇಳಿಸಿದವು. ಅಂಥ ಬಾಟಲಿ ಕೊಂಡವರಿಗೆ ಲಾಭ. ರಿಸೆರ್ವಾ ಎಂದ ಮಾತ್ರಕ್ಕೆ ದುಪ್ಪಟ್ಟು ರುಚಿ ಅಂದುಕೊಳ್ಳಬೇಡಿ, ಅದು ದುಪ್ಪಟ್ಟು ತಾಳ್ಮೆ ಕೇಳುವ ವೈನು. ಕೊಂಡ ಬಾಟಲಿಯನ್ನು ಜುಲೈ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಒಂದೇ ಮಧ್ಯಾಹ್ನ ಸಾಕು: ವೈನು ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ಪಕ್ಕದಿಂದ ಜಿನುಗುತ್ತದೆ, ಹಣ್ಣು ಬೆಂದ ಜಾಮಿನ ವಾಸನೆ ಬರುತ್ತದೆ. ಊರು ಬಿಡುವ ಹೊತ್ತಿಗೆ ಕೊಳ್ಳಿ, ಇಲ್ಲವೇ ಅಂಗಡಿಯವರಿಂದಲೇ ಕಳಿಸಿಕೊಳ್ಳಿ.

ತೋಟದ ಮನೆಗಳ ಭೇಟಿಗೆ ಮೊದಲೇ ಸಮಯ ಕಾಯ್ದಿರಿಸಬೇಕು, ಗೇಟಿನ ಮುಂದೆ ಹೋಗಿ ನಿಂತರೆ ಒಳಗೆ ಬಿಡುವ ಖಾತ್ರಿಯಿಲ್ಲ. ನೆಲಮಾಳಿಗೆ ನೋಡಿ ಮೂರು ನಾಲ್ಕು ವೈನ್ ಸವಿಯಲು ಒಂದು ಒಂದೂವರೆ ತಾಸು ಬೇಕು, ದರ ಬಹಳ ಕಡೆ 25–40 ಯೂರೊ. ದಿನಕ್ಕೆ ಎರಡೇ ಇಟ್ಟುಕೊಳ್ಳಿ, ಬೆಳಿಗ್ಗೆ ಒಂದು, ಊಟದ ನಂತರ ಒಂದು. ಮೂರನೆಯದರ ಹೊತ್ತಿಗೆ ಒಗರಿನಿಂದ ನಾಲಿಗೆ ಮರಗಟ್ಟಿರುತ್ತದೆ. ಉಗುಳುವ ಪಾತ್ರೆ ಇಟ್ಟಿರುತ್ತಾರೆ, ಬಳಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಾರು ಓಡಿಸುವವರು ಉಗುಳಲೇಬೇಕು: ಇಟಲಿಯಲ್ಲಿ ರಕ್ತದ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ಲೈಸೆನ್ಸ್ ಪಡೆದು ಮೂರು ವರ್ಷವಾಗದವರಿಗೆ ಸೊನ್ನೆ. ತೋಟಗಳಿಗೆ ಹೋಗುವ ಬಿಳಿ ಮಣ್ಣಿನ ರಸ್ತೆಗಳು ಒಣಗಿದ್ದಾಗ ದೂಳು, ಮಳೆಯಲ್ಲಿ ಸಾಬೂನು. 2010ರ ಇಟಲಿ ಸೈಕಲ್ ಓಟದಲ್ಲಿ ಮೊಂಟಾಲ್ಚೀನೊದ ಹಂತ ಮಳೆಗೆ ಸಿಕ್ಕಿ, ಸವಾರರ ಮುಖ ಗುರುತು ಸಿಗದಷ್ಟು ಕೆಸರು ಮೆತ್ತಿಕೊಂಡಿತ್ತು. ಭಾನುವಾರ, ಆಗಸ್ಟ್ 15ರ ಇಟಲಿಯ ಬೇಸಿಗೆ ಹಬ್ಬದ ಹಿಂದುಮುಂದಿನ ದಿನಗಳು, ಕೊಯ್ಲಿನ ಸೆಪ್ಟೆಂಬರ್, ಈ ಹೊತ್ತಿನಲ್ಲಿ ಸಣ್ಣ ಮನೆಗಳು ಅತಿಥಿಗಳನ್ನು ಕರೆಯುವುದು ಕಡಿಮೆ.

ಊಟಕ್ಕೆ ಪಿಂಚಿ ತಿನ್ನಿ. ಮೈದಾ, ನೀರು ಕಲಸಿ, ಒಂದೊಂದೇ ಎಳೆಯನ್ನು ಹಲಗೆಯ ಮೇಲೆ ಅಂಗೈಯಲ್ಲಿ ಹೊಸೆದು ಮಾಡುವ ದಪ್ಪ ಶಾವಿಗೆ. ಒಂದೇ ಎಳೆಯಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ಕೈಯಲ್ಲಿ ಹೊಸೆದದ್ದು ಎಂದು ಅರ್ಥ. ಕಾಡುಹಂದಿಯ ಸಾರಿನೊಂದಿಗೆ ಬ್ರುನೆಲ್ಲೊ ಒಗ್ಗುತ್ತದೆ, ಏಕೆಂದರೆ ಮಾಂಸದ ಕೊಬ್ಬು ಮತ್ತು ಪ್ರೋಟೀನು ಒಗರನ್ನು ಹಿಡಿದುಕೊಳ್ಳುತ್ತವೆ. ಮಾಂಸ ತಿನ್ನದವರಿಗೆ ಟೊಮೆಟೊ, ಬೆಳ್ಳುಳ್ಳಿಯ ಆಲ್ಯೋನೆ ಅಥವಾ ಹುರಿದ ಬ್ರೆಡ್ ಪುಡಿ ಉದುರಿಸಿದ್ದು ಇದೆ, ಅದರ ಜೊತೆ ರೊಸ್ಸೊ. ಟೊಮೆಟೊದ ಹುಳಿಗೆ ಸಾಂಜೊವೇಸೆಯ ಹುಳಿ ಸರಿಸಮ ನಿಲ್ಲುತ್ತದೆ. ಕುರಿಹಾಲಿನ ಪೆಕೊರಿನೊ ಗಿಣ್ಣನ್ನು ಹೆಚ್ಚಾಗಿ ಪ್ರಾಣಿಮೂಲದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ, ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೇಳಿ ತಿನ್ನುವುದು ಒಳಿತು. ಬಿಲ್ಲಿನಲ್ಲಿ ತಲೆಗೆ ಎರಡು ಮೂರು ಯೂರೊ ‘ಕೊಪೆರ್ತೊ’ ಎಂದು ಸೇರಿರುತ್ತದೆ. ಅದು ಮೇಜು ಮತ್ತು ಬ್ರೆಡ್ಡಿನ ದರ, ಮೋಸವಲ್ಲ. ಮಧ್ಯಾಹ್ನ ಎರಡೂವರೆಯಾದ ಮೇಲೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ.

ಎರಡನೆಯ ದಿನದ ಬೆಳಿಗ್ಗೆಯನ್ನು ಸಾಂತಾಂತಿಮೊಗೆ ಮೀಸಲಿಡಿ. ಊರಿನಿಂದ ಸುಮಾರು 10 ಕಿ.ಮೀ., ಕಾಸ್ತೆಲ್‌ನುವೊವೊ ದೆಲ್ಲಬಾತೆಯ ಕೆಳಗಿನ ಕಣಿವೆಯಲ್ಲಿ, ಆಲಿವ್ ಮರಗಳ ನಡುವೆ ಒಂಟಿಯಾಗಿ ನಿಂತ ಮಠ. ಈಗಿರುವ ಚರ್ಚು 12ನೆಯ ಶತಮಾನದ್ದು. ಬಲಿಪೀಠದ ಮೆಟ್ಟಿಲ ಮೇಲೆ 1118ರ ದಾನಶಾಸನ ಕೆತ್ತಿದೆ. ಟ್ರಾವರ್ಟೀನ್ ಕಲ್ಲಿನ ನಡುವೆ ಅಲ್ಲಲ್ಲಿ ಅರೆಪಾರದರ್ಶಕ ಅಲಬಾಸ್ಟರ್ ಸೇರಿಸಿದ್ದಾರೆ. ಬೆಳಗಿನ ಬಿಸಿಲು ಬಿದ್ದಾಗ ಆ ಕಂಬಗಳು ಒಳಗಿನಿಂದ ದೀಪ ಹಚ್ಚಿದಂತೆ ಜೇನುಬಣ್ಣಕ್ಕೆ ತಿರುಗುತ್ತವೆ. ಬಲಸಾಲಿನ ಕಂಬವೊಂದರ ತಲೆಯ ಮೇಲೆ ಸಿಂಹಗಳ ಗುಹೆಯಲ್ಲಿರುವ ಬೈಬಲ್ ಕಥೆಯ ದಾನಿಯೇಲನ ಕೆತ್ತನೆಯಿದೆ, ಸುತ್ತಲೂ ಹೋಗಿ ನೋಡಿ. ನಡೆದು ಇಳಿಯುವ ಕಾಲುದಾರಿಯೂ ಇದೆ, ಮೂರು ತಾಸು. ಹಿಂದಿರುಗುವ ಬಸ್ಸು ಬಹಳ ಕಡಿಮೆ, ವೇಳಾಪಟ್ಟಿ ನೋಡದೆ ಇಳಿಯಬೇಡಿ.

ಊರಿಗೆ ಬರುವುದು ಸುಲಭವೇ. ಸಿಯೆನಾದಿಂದ ನೇರ ಬಸ್ಸು, ಒಂದೂಕಾಲು ತಾಸಿನ ಆಸುಪಾಸು. ಭಾನುವಾರ ಮತ್ತು ಹಬ್ಬದ ದಿನ ಬಸ್ಸುಗಳು ಬೆರಳೆಣಿಕೆ. ಹತ್ತಿರದ ರೈಲು ನಿಲ್ದಾಣ ಬುವೊನ್‌ಕೊನ್ವೆಂತೊ, 14 ಕಿ.ಮೀ. ಕಾರು ತಂದವರು ಕೋಟೆಯ ಬಳಿ ಅಥವಾ ಊರಗೋಡೆಯ ಹೊರಗೆ ನಿಲ್ಲಿಸಿ. ಒಳಗಿನ ಓಣಿಗಳು ನಿರ್ಬಂಧಿತ ವಲಯ. ಫಲಕ ಗಮನಿಸದೆ ನುಗ್ಗಿದರೆ ಬಾಡಿಗೆ ಕಾರಿನ ಕಂಪನಿಯ ಮೂಲಕ ತಿಂಗಳುಗಳ ನಂತರ ದಂಡದ ಚೀಟಿ ಬರುತ್ತದೆ. ಮೇ, ಜೂನ್ ಮೊದಲರ್ಧ, ಅಕ್ಟೋಬರ್ ಅತ್ಯುತ್ತಮ. ಅಕ್ಟೋಬರಿನ ಕೊನೆಯ ವಾರಾಂತ್ಯ ಸಾಗ್ರಾ ದೆಲ್ ತೊರ್ದೊ ಹಬ್ಬ: ಬೊರ್ಗೆತ್ತೊ, ಪಿಯಾನೆಲ್ಲೊ, ರೂಗಾ, ತ್ರಾವಾಲ್ಯೊ ಎಂಬ ನಾಲ್ಕು ಕೇರಿಗಳ ಬಿಲ್ಲುಗಾರರ ಪಂದ್ಯ ನಡೆಯುತ್ತದೆ. ಕೋಣೆ ಬೇಕೆಂದರೆ ತಿಂಗಳುಗಳ ಮೊದಲೇ ಹಿಡಿಯಬೇಕು.

ಮನೆಗೆ ತಂದ ಬಾಟಲಿಯನ್ನು ಮಲಗಿಸಿ, ಕತ್ತಲಲ್ಲಿ, 12–15 ಡಿಗ್ರಿಯಲ್ಲಿ ಇಡಿ. ಹತ್ತು ವರ್ಷದೊಳಗಿನದಾದರೆ ಕುಡಿಯುವ ಎರಡು ಮೂರು ತಾಸು ಮೊದಲು ಅಗಲ ಬಾಯಿಯ ಪಾತ್ರೆಗೆ ಬಗ್ಗಿಸಿ. ಇಪ್ಪತ್ತು ದಾಟಿದ್ದಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಕಾರ್ಕ್ ತೆಗೆದು ನೇರ ಗ್ಲಾಸಿಗೇ ಸಣ್ಣಗೆ ಸುರಿಯಿರಿ, ಏಕೆಂದರೆ ಹಳೆಯ ವೈನಿನ ನಾಜೂಕು ವಾಸನೆ ಗಾಳಿಗೆ ಬೇಗ ಹಾರಿಹೋಗುತ್ತದೆ. ಬಾಟಲಿಯ ಭುಜದಲ್ಲಿ ಗಸಿ ಕಾಣಿಸಿದ ಕೂಡಲೇ ಕೈ ನಿಲ್ಲಿಸಿ.